ಅಡ್ವಾನ್ಸ್ ಕೊಡಬೇಡ, ಸ್ವಲ್ಪ ತಡಿ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಲೇಔಟ್ ನಕ್ಷೆ ನೋಡಿದೆ. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಡೆ 30x40 ಅಡಿ ಸೈಟು, ಮೆಟ್ರೋ ಬರುತ್ತೆ, ರೇಟು ಡಬಲ್ ಆಗುತ್ತೆ ಅಂತ ಬ್ರೋಕರ್ ಹೇಳಿದನಂತೆ. ಬೆಂಗಳೂರಿನ ಮೆಟ್ರೋ ಊರಂಚಿನ ಮಾದಾವರಕ್ಕೆ ಬಂದಿದ್ದೇ 2024ರ ನವೆಂಬರ್‌ನಲ್ಲಿ ಕಣಪ್ಪ. ಅಲ್ಲಿಂದ ತುಮಕೂರಿಗೆ ಇನ್ನೂ 50 ಕಿಲೋಮೀಟರಿಗೂ ಜಾಸ್ತಿ. ಅದು ಬಂದಾಗ ನೋಡೋಣ.

ನೀನು ದಿನಾ ತುಮಕೂರಿಂದ ಬೆಂಗಳೂರಿನ ಯಶವಂತಪುರಕ್ಕೆ ಹೋಗಿ ಬರುವವನು. ನಿನಗೆ ಬೇಕಾದದ್ದು ಸ್ಟೇಷನ್‌ಗೆ ಹತ್ತಿರದ ಮನೆ, ಇಲ್ಲವೇ ಬಟವಾಡಿಯಲ್ಲಿ ಬೆಂಗಳೂರು ಬಸ್ಸು ಹತ್ತುವಂಥ ಮನೆ. ವಸಂತನರಸಾಪುರ ಇರುವುದು ಊರಾಚೆ, ಶಿರಾ ದಿಕ್ಕಿಗೆ. ಬೆಳಗಿನ ರೈಲಿಗೆ ಊರೆಲ್ಲಾ ದಾಟಿ ಬರ್ತೀಯಾ? ಕಾರ್ಖಾನೆ ಬಂದರೆ ಬಾಡಿಗೆ ಬರುತ್ತೆ ಅನ್ನೋದು ನಿಜ. ಆದರೆ ಅಲ್ಲಿ ಬಾಡಿಗೆಗೆ ಬರುವವರು ಹೆಚ್ಚಾಗಿ ಕಾಂಟ್ರಾಕ್ಟ್ ಕೆಲಸದ ಹುಡುಗರು, ರೂಮಿಗೆ ಮೂರು ನಾಲ್ಕು ಜನ. ನಿನ್ನ ಹೆಂಡತಿ ಮಗು ಇರೋಕೆ ಬೇಕಾದ ಅಂಗಡಿ, ಸ್ಕೂಲು, ಅಕ್ಕಪಕ್ಕ ಅಲ್ಲಿ ಕೂಡಿ ಬರೋಕೆ ವರ್ಷಗಳೇ ಬೇಕು.

ಊರೊಳಗೇ ಎಸ್.ಎಸ್. ಪುರಂ, ಅಶೋಕನಗರದ ಕಡೆ ಒಮ್ಮೆ ಓಡಾಡು. ಡಾಕ್ಟರು, ರಿಟೈರಾದ ಮೇಷ್ಟ್ರುಗಳು, ಮಕ್ಕಳನ್ನು ಬೆಂಗಳೂರಿಗೋ ಅಮೆರಿಕಕ್ಕೋ ಕಳಿಸಿ ಇಬ್ಬರೇ ಉಳಿದವರು. ಮೇಲಿನ ಮಹಡಿ ಖಾಲಿ ಇರುತ್ತೆ, ಸಂಸಾರಸ್ಥರಿಗೆ ಖುಷಿಯಾಗಿ ಕೊಡ್ತಾರೆ. ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ಬೇಡ, ಪಿ.ಜಿ. ಗಲಾಟೆ. ಬಾಡಿಗೆ ಬದಲು ಒಂದೇ ಸಲ ದುಡ್ಡು ಕೊಟ್ಟು ಭೋಗ್ಯಕ್ಕೆ ಹಾಕಿಕೊಳ್ಳೋದಾದರೆ ಆ ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ಮೊದಲು ನೋಡು.

ನೀರಿನ ವಿಷಯ ಮಾಲೀಕರನ್ನು ಕೇಳಬೇಡ. ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತೆ ಅಂತ ಎಲ್ಲರೂ ಹೇಳ್ತಾರೆ. ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ ಅನ್ನೋದು ಎದುರುಮನೆಯ ಹೆಂಗಸರಿಗೇ ಗೊತ್ತು. ಸಂಪಿನ ಮುಚ್ಚಳ ತೆಗೆಸಿ ನೋಡು, ನೀರಿಲ್ಲದೆ ತಳದಲ್ಲಿ ಬರೀ ಕೆಸರಿದ್ದರೆ ಅಲ್ಲಿಗೆ ಟ್ಯಾಂಕರೇ ಗತಿ ಇರಬಹುದು.

ಇನ್ನು ಆ ಸೈಟಿನ ಕಾಗದ. 'ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅಪ್ರೂವ್ಡ್' ಅಂತ ಬೋರ್ಡ್ ಬರೆಸೋಕೆ ಪೇಂಟರ್ ಒಬ್ಬ ಸಾಕು. ಭೂಪರಿವರ್ತನೆ ಆದೇಶ, ಲೇಔಟ್ ಮಂಜೂರಾತಿ, ಇ-ಖಾತಾ, ಮೂಲಪತ್ರ, ಮೂವತ್ತು ವರ್ಷದ ಇ.ಸಿ. (ಋಣಭಾರ ಪತ್ರ) ಕೇಳು. ವಂಶವೃಕ್ಷದಲ್ಲಿರುವ ಹೆಣ್ಣುಮಕ್ಕಳೆಲ್ಲಾ ಸಹಿ ಹಾಕಿದ್ದಾರಾ ನೋಡು. ಎಲ್ಲಕ್ಕಿಂತ ಮುಖ್ಯ, ಅದು ಹಿಂದೆ ಮಂಜೂರಾತಿ ಜಮೀನಾಗಿತ್ತಾ ಅನ್ನೋದು. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಜಮೀನನ್ನು ಅನುಮತಿ ಇಲ್ಲದೆ ಕೊಂಡರೆ ಇಂಥ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಕ್ರಯ ನಿಲ್ಲಲ್ಲ. 2023ರ ತಿದ್ದುಪಡಿ ಆದ ಮೇಲೆ ಅವರು ವಾಪಸ್ ಕೇಳೋಕೆ ಕಾಲಮಿತಿಯೂ ಇಲ್ಲ. ನನ್ನ ಪ್ರಕಾರ ಅದು ನ್ಯಾಯವೇ, ಬಡವರ ಜಮೀನು ನುಂಗಿದವರು ಕಮ್ಮಿ ಇಲ್ಲ. ಆದರೆ ಬ್ರೋಕರ್ ದುಡ್ಡು ಎಣಿಸಿಕೊಂಡು ಹೋಗಿರ್ತಾನೆ, ಕೋರ್ಟಿಗೆ ಅಲೆಯುವವನು ನೀನು.

ಖರ್ಚೂ ಲೆಕ್ಕ ಹಾಕು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ, ಮುದ್ರಾಂಕ ಶುಲ್ಕ ಬೇರೆ.

ಒಂದು ವರ್ಷ ಬಾಡಿಗೆಗೆ ಇರು. ಭಾನುವಾರ ಬರುವಾಗ ಆ ಕಾಗದಗಳ ಜೆರಾಕ್ಸ್ ತಾ, ನಮ್ಮ ಪರಿಚಯದ ವಕೀಲರಿಗೆ ತೋರಿಸೋಣ. ಅಷ್ಟರಲ್ಲಿ ಬ್ರೋಕರ್ ಟೋಕನ್‌ಗೆ ಪೀಡಿಸಿದರೆ, ದೊಡ್ಡಪ್ಪ ಬೇಡ ಅಂದ್ರು ಅಂತ ನನ್ನ ಮೇಲೆ ಹಾಕು.

ಇಂತಿ,
ನಿನ್ನ ದೊಡ್ಡಪ್ಪ