ಅಕ್ಷರಾನುಕ್ರಮದ ಪಟ್ಟಿಯನ್ನು ಬದಿಗಿಡು

ಪ್ರೀತಿಯ ತಂಗಿಗೆ,

ನಿನ್ನ ಕತೆಯನ್ನು ನೀನೇ ಇಂಗ್ಲಿಷಿಗೆ ತಂದಿರುವುದನ್ನು ಓದಿ ಸಂತೋಷವಾಯಿತು. ಅಜ್ಜಿ ಚಾಪೆಯ ಮೇಲೆ ಮಲಗಿದಳು ಎನ್ನುವಲ್ಲಿ 'ಲೇಡ್' ಎಂದು ಬರೆದಿದ್ದೀಯ. ಅಲ್ಲಿ 'ಲೇ' ಬರಬೇಕು. ಮೂಲರೂಪ, ಭೂತಕಾಲ, ಹ್ಯಾವ್–ಹ್ಯಾಡ್ ಜೊತೆ ಬರುವ ರೂಪ ಎಂಬ ಕ್ರಮದಲ್ಲಿ ಹೇಳುವುದಾದರೆ, ತಾನೇ ಮಲಗುವುದಕ್ಕೆ ಲೈ, ಲೇ, ಲೇನ್. ಏನನ್ನಾದರೂ ಇಡುವುದಕ್ಕೆ, ಯಾರನ್ನಾದರೂ ಮಲಗಿಸುವುದಕ್ಕೆ ಲೇ, ಲೇಡ್, ಲೇಡ್. ಒಂದರ ಭೂತಕಾಲವೇ ಇನ್ನೊಂದರ ಮೂಲರೂಪವಾದ್ದರಿಂದ ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಇಲ್ಲಿ ಎಡವುತ್ತಾರೆ. ಭೂತಕಾಲದಲ್ಲಿ ಸಂದೇಹ ಬಂದರೆ 'ಯಾರನ್ನು? ಏನನ್ನು?' ಎಂದು ಕೇಳಿಕೋ. ಉತ್ತರವಿದ್ದರೆ ಲೇಡ್, ಇಲ್ಲದಿದ್ದರೆ ಲೇ.

ಅನಿಯಮಿತ ಕ್ರಿಯಾಪದಗಳ, ಅಂದರೆ ಭೂತಕಾಲಕ್ಕೆ ಸುಮ್ಮನೆ 'ಎಡ್' ಹಚ್ಚಿಕೊಳ್ಳದವುಗಳ, ಪಟ್ಟಿಯನ್ನು ಎ ಇಂದ ಉರುಹೊಡೆಯುತ್ತಿದ್ದೇನೆ ಎಂದಿದ್ದೀಯ. ದಯವಿಟ್ಟು ಬಿಡು. ಆ ಪಟ್ಟಿ ಒಡಹುಟ್ಟಿದವರನ್ನು ದೂರ ದೂರ ಕೂರಿಸುತ್ತದೆ. ಸಿಂಗ್–ಸ್ಯಾಂಗ್–ಸಂಗ್, ಡ್ರಿಂಕ್–ಡ್ರ್ಯಾಂಕ್–ಡ್ರಂಕ್, ಸ್ವಿಮ್–ಸ್ವ್ಯಾಮ್–ಸ್ವಮ್: ಒಟ್ಟಿಗೆ ಗಟ್ಟಿಯಾಗಿ ಹೇಳಿ ನೋಡು, ಸ್ವರ ಹೊರಳುವ ಬಗೆ ಕಿವಿಗೇ ಸಿಗುತ್ತದೆ. ಈ ಹೊರಳು ಇಂಗ್ಲಿಷಿಗಿಂತಲೂ ಹಳೆಯದು. ಜರ್ಮನ್ನಿನಲ್ಲೂ ಹಾಡುವುದು ಜಿಂಗೆನ್, ಜಾಂಗ್, ಗೆಜುಂಗೆನ್. ಬ್ರಿಂಗ್ ಮಾತ್ರ ಈ ಗುಂಪಿಗೆ ಸೇರದು. ಅದನ್ನು ಥಿಂಕ್ ಜೊತೆಗಿಟ್ಟು ಬ್ರಾಟ್, ಥಾಟ್ ಎಂದು ಕಲಿ.

ಇಂಥ ಕ್ರಿಯಾಪದಗಳನ್ನು ವ್ಯಾಕರಣದ ದಾರಿ ತಪ್ಪಿದ ಮಕ್ಕಳಂತೆ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳ ಜಾಡು ಹಿಡಿದ 2007ರ ಅಧ್ಯಯನವೊಂದು, ಇಂದಿಗೂ ಅನಿಯಮಿತವಾಗಿಯೇ ಉಳಿದವು 98 ಎಂದು ತೋರಿಸಿತು. ಜನರ ನಾಲಿಗೆಯ ಮೇಲೆ ಸದಾ ಇದ್ದವು ಹೆಚ್ಚಾಗಿ ಉಳಿದುಕೊಂಡವು. ಅಪರೂಪದವು ಬೇಗ 'ಎಡ್' ಹಚ್ಚಿಕೊಂಡವು. ನಮ್ಮಲ್ಲೂ ನೋಡು: ಬರು–ಬಂದ, ಕೊಡು–ಕೊಟ್ಟ, ಬೀಳು–ಬಿದ್ದ, ಸಾಯು–ಸತ್ತ. ಚಿತ್ರಿಸು, ಮುದ್ರಿಸು ಮುಂತಾದವು ಸುಮ್ಮನೆ 'ಇದ' ಸೇರಿಸಿಕೊಳ್ಳುತ್ತವೆ. ಬಂದ, ಕೊಟ್ಟ ಎನ್ನುವುದನ್ನು ನೀನು ಪಟ್ಟಿಯಿಂದ ಕಲಿಯಲಿಲ್ಲ, ಕೇಳಿ ಕೇಳಿ ಕಲಿತೆ. ಇಂಗ್ಲಿಷಿನಲ್ಲೂ ಅದೇ ದಾರಿ ಹಿಡಿ. ಒಳ್ಳೆಯ ಗದ್ಯವನ್ನು ದಿನವೂ ಒಂದು ಪುಟ ಗಟ್ಟಿಯಾಗಿ ಓದು. ಓದುವಾಗ ರೀಡ್ ಎಂಬುದರ ಮೇಲೆ ಕಣ್ಣಿರಲಿ: ಮೂರೂ ರೂಪಗಳಿಗೆ ಕಾಗುಣಿತ ಒಂದೇ, ಆದರೆ ಭೂತಕಾಲದಲ್ಲಿ ಉಚ್ಚಾರ ರೆಡ್.

ಇನ್ನೊಂದು ಮಾತು. ಡಿಡ್ ಬಂದ ಮೇಲೆ ವೆಂಟ್ ಬೇಡ, ಗೋ ಸಾಕು. ಕಾಲವನ್ನು ಡಿಡ್ ಆಗಲೇ ಹೇಳಿದೆ. ಹ್ಯಾಡ್ ಬಂದರೆ ಗಾನ್. ಮೂರನೆಯ ಪುಟದಲ್ಲಿ 'ಹ್ಯಾಡ್ ವೆಂಟ್' ಎರಡು ಕಡೆ ನುಸುಳಿದೆ, ತಿದ್ದು. ಸಂಭಾಷಣೆಯ ಭಾಗವನ್ನು ಮುಟ್ಟಬೇಡ, ಅದು ಚೆನ್ನಾಗಿ ಬಂದಿದೆ. ಮುಂದಿನ ಕತೆಯನ್ನೂ ಜೊತೆಗೇ ಕಳುಹಿಸು.

ಪ್ರೀತಿಯಿಂದ,
ನಿನ್ನ ಅಕ್ಕ