ಹೀಟರ್ ಕೊಳ್ಳುವ ಮೊದಲು ಕೋಣೆ ಅಳೆಯಿರಿ

ಮಾನ್ಯ ಸಂಪಾದಕರೇ,

ಚಳಿ ಶುರುವಾಯಿತೆಂದರೆ ನಮ್ಮ ಊಟಿಯ ಅಂಗಡಿಗಳಲ್ಲಿ ಆಯಿಲ್ ಹೀಟರ್ ಸಾಲಾಗಿ ಬಂದು ನಿಲ್ಲುತ್ತವೆ. ಕೊಳ್ಳುವವರು ಕೇಳುವುದು ಒಂದೇ ಮಾತು, 'ಎಷ್ಟು ಫಿನ್?' ಫಿನ್ ಅಂದರೆ ಹೀಟರ್‌ನಲ್ಲಿ ಸಾಲಾಗಿ ನಿಂತಿರುವ ಲೋಹದ ಪಟ್ಟಿ. ಒಂಬತ್ತೋ, ಹನ್ನೊಂದೋ, ಹದಿಮೂರೋ. ಕೋಣೆ ಎಷ್ಟು ದೊಡ್ಡದು, ಸೀಲಿಂಗ್ ಎಷ್ಟು ಎತ್ತರ ಅಂತ ಅಂಗಡಿಯವರೂ ಕೇಳುವುದಿಲ್ಲ.

ಹೋದ ಡಿಸೆಂಬರ್‌ನಲ್ಲಿ ಅಮ್ಮನ ಕೋಣೆಗೆ 1500 ವ್ಯಾಟ್‌ನ ಹೀಟರ್ ತಂದೆ. ಅಮ್ಮನಿಗೆ 81 ವರ್ಷ. ನಮ್ಮದು ಹಳೇ ಮನೆ, ಮೂಲೆಯ ಕೋಣೆ, ಎರಡು ದೊಡ್ಡ ಗಾಜಿನ ಕಿಟಕಿ. ರಾತ್ರಿ ಹತ್ತು ತಾಸು ಉರಿದರೆ 15 ಯೂನಿಟ್ ಕರೆಂಟು. ಆದರೂ ಬೆಳಿಗ್ಗೆ ನೋಡಿದರೆ ಅಮ್ಮ ಸ್ವೆಟರ್, ಶಾಲು, ಟೋಪಿ ಎಲ್ಲ ಹಾಕಿಕೊಂಡು ಮುದುರಿ ಕೂತಿರುತ್ತಿದ್ದರು. ಕೋಣೆ ಬೆಚ್ಚಗಾದರೆ ತಾನೇ ಥರ್ಮೋಸ್ಟಾಟ್ ಆಫ್ ಆಗುವುದು? ಅದು ಒಂದು ದಿನವೂ ಆಫ್ ಆಗಲಿಲ್ಲ.

ಆಮೇಲೆ ಟೇಪ್ ಹಿಡಿದು ಅಳೆದೆ. 14 ಅಡಿ, 12 ಅಡಿ, ಅಂದರೆ 168 ಚದರ ಅಡಿ. ಎಂಟು ಅಡಿ ಎತ್ತರದ ಕೋಣೆಯಾದರೆ ಚದರ ಅಡಿಗೆ ಸುಮಾರು 10 ವ್ಯಾಟ್ ಅಂತ ಒಂದು ಅಂದಾಜು ಲೆಕ್ಕ ಇದೆ. ಹಾಗೆ ನೋಡಿದರೆ 1680 ವ್ಯಾಟ್. ಆದರೆ ನಮ್ಮ ಸೀಲಿಂಗ್ 12 ಅಡಿ, ಆದ್ದರಿಂದ ಒಂದೂವರೆ ಪಟ್ಟು, 2520 ವ್ಯಾಟ್! ಹೊರಗಿನ ಗೋಡೆ ಎರಡು ಇರುವುದರಿಂದ ಅದಕ್ಕೂ ಸ್ವಲ್ಪ ಜಾಸ್ತಿಯೇ ಬೇಕು. ಚಳಿ ದೇಶಗಳಲ್ಲಿ ಬಿಸಿನೀರಿನ ರೇಡಿಯೇಟರ್ ಕೂರಿಸುವಾಗಲೂ ಹೀಗೇ ಒಂದೊಂದು ಕೋಣೆಯ ಅಳತೆ, ಕಿಟಕಿ, ಗೋಡೆ ನೋಡಿ ಸೈಜ್ ಆರಿಸುತ್ತಾರೆ. ಫಿನ್ ಎಷ್ಟೇ ಇರಲಿ, ಶಾಖ ಬರುವುದು ವ್ಯಾಟ್ ಇದ್ದಷ್ಟೇ. ಡಬ್ಬದ ಮೇಲೆ ಬರೆದ 2900 ವ್ಯಾಟ್‌ನಲ್ಲಿ 400 ವ್ಯಾಟ್ ಜೊತೆಗಿರುವ ಫ್ಯಾನ್ ಹೀಟರ್‌ನ ಪಾಲು ಆಗಿರುವುದೂ ಉಂಟು, ಅದನ್ನೂ ಓದಿ ನೋಡಿ.

ಹಾಗಂತ ಸುಮ್ನೆ ದೊಡ್ಡದನ್ನೇ ತರಬೇಡಿ. ನಾನು ಊದುಬತ್ತಿ ಹಚ್ಚಿ ಕಿಟಕಿಯ ಚೌಕಟ್ಟಿನ ಹತ್ತಿರ ಹಿಡಿದೆ. ನೆಟ್ಟಗೆ ಏಳುತ್ತಿದ್ದ ಹೊಗೆ ಒಮ್ಮೆಲೇ ಒಳಗಡೆಗೆ ಬಾಗಿತು, ಬೆರಳಿಟ್ಟರೆ ತಣ್ಣನೆ ಗಾಳಿ. ಸಂದಿಗಳಿಗೆಲ್ಲ ಫೋಮ್ ಪಟ್ಟಿ ಅಂಟಿಸಿ, ದಪ್ಪ ಪರದೆ ಹಾಕಿ, ಒಂಬತ್ತು ಅಡಿಗೆ ಪ್ಲೈವುಡ್ ಸೀಲಿಂಗ್ ಮಾಡಿಸಿದೆ. ಈಗ 2000 ವ್ಯಾಟ್‌ನ ಹೀಟರ್ ಸಾಕಾಗಿದೆ, ನಡುನಡುವೆ ತಾನೇ ಆಫ್ ಆಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಮೊದಲ ಹೀಟರನ್ನು ನಾನು ಕನ್ವರ್ಟರ್ ಪ್ಲಗ್ ಹಾಕಿ ಸಣ್ಣ 6 ಆಂಪಿಯರ್ ಸಾಕೆಟ್‌ಗೆ ಸಿಕ್ಕಿಸಿದ್ದೆ. 1500 ವ್ಯಾಟ್ ಅಂದರೆ ಆರೂವರೆ ಆಂಪಿಯರ್ ಎಳೆಯುತ್ತದೆ. ಮೂರನೇ ವಾರಕ್ಕೆ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿ, ಒಂದು ತೂತು ಕರಗಿ ಸೊಟ್ಟಗಾಗಿತ್ತು. ಅಮ್ಮನ ಹಾಸಿಗೆ ಅಲ್ಲಿಂದ ಎರಡೇ ಅಡಿ ದೂರ! ಇಂಥ ಹೀಟರ್‌ಗೆ 16 ಆಂಪಿಯರ್ ಸಾಕೆಟ್ಟೇ ಬೇಕು, ಅದಕ್ಕೆ ತಕ್ಕ ದಪ್ಪ ವೈರೂ ಬೇಕು.

ಹೀಟರ್ ಸಾಲದೆ ಹೋದಾಗ ನಮ್ಮ ಜನ ಮಾಡುವುದೇನು? ಬಾಣಲೆಯಲ್ಲಿ ಇದ್ದಿಲ ಕೆಂಡ ತಂದಿಟ್ಟು ಬಾಗಿಲು ಮುಚ್ಚಿ ಮಲಗುತ್ತಾರೆ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳದೇ ಹೋಗಬಹುದು. ಅದಕ್ಕೇ ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೇ: ಇಷ್ಟು ಅಡಿಯ ಕೋಣೆಗೆ ಇಷ್ಟು ವ್ಯಾಟ್ ಅಂತ ಒಂದು ಹಾಳೆಯಲ್ಲಿ ತಮಿಳು, ಕನ್ನಡ ಎರಡರಲ್ಲೂ ಬರೆದು ಹೀಟರ್ ಪಕ್ಕದಲ್ಲೇ ತೂಗುಹಾಕಿ.

ನಿಮ್ಮ ಓದುಗ,
ಊಟಿ, ನೀಲಗಿರಿ ಜಿಲ್ಲೆ