ಹಳೇ ಪಾಲಿಕೆ ಕಟ್ಟಡ: ಮೊದಲು ಪರೀಕ್ಷೆ, ಆಮೇಲೆ ತೀರ್ಮಾನ

ಮಾನ್ಯ ಸಂಪಾದಕರೇ,

ಪಾಲಿಕೆ, ಪುರಸಭೆಗಳ ಹಳೇ ಕಟ್ಟಡ ಸೋರಲು ಶುರುವಾದ ಕೂಡಲೇ ಊರಾಚೆ ಹೊಸದು ಕಟ್ಟೋಣ ಅನ್ನುವ ಮಾತು ಬರುತ್ತದೆ. ಸೋರುವುದೆಲ್ಲ ಬೀಳುವ ಕಟ್ಟಡವಲ್ಲ. ಮೊದಲು ಅದರ ಬಲ ಪರೀಕ್ಷೆ ಮಾಡಿಸಿ, ವರದಿಯನ್ನು ಜನರ ಮುಂದಿಡಿ. ಆರ್‌ಸಿಸಿಯಲ್ಲಿ, ಅಂದರೆ ಒಳಗೆ ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟಿನಲ್ಲಿ, ತೇವ ಇಳಿದು ಕಂಬಿಗೆ ತುಕ್ಕು ಹಿಡಿದರೆ ಅದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ, ಸ್ಲ್ಯಾಬಿನ ಅಡಿಯಿಂದ ಚಕ್ಕೆ ಉದುರುವುದು ಅದಕ್ಕೇ. ಇದು ಕಂಬ, ಬೀಮುಗಳಿಗೆಲ್ಲ ಹಬ್ಬಿದ್ದರೆ ರಿಪೇರಿ ಸುಮ್ನೆ ದುಡ್ಡು ದಂಡ, ಒಳಗಿರುವವರನ್ನು ತಕ್ಷಣ ಬೇರೆಡೆ ಕಳಿಸಬೇಕು. ಸುಣ್ಣದ ಗಾರೆಯ ಹಳೇ ಗೋಡೆಗಳ ಕಥೆಯೇ ಬೇರೆ. ಅವುಗಳ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಇನ್ನೂ ಜಾಸ್ತಿ ಹಾಳಾಗುತ್ತದೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳನ್ನೇ ಹುಡುಕಬೇಕು.

ಖರ್ಚಿನ ಲೆಕ್ಕದಲ್ಲಿ ಹಳೇ ಕಟ್ಟಡವನ್ನು ಏನು ಮಾಡುತ್ತೀರಿ ಎಂಬುದೂ ಇರಲಿ. ಬೀಗ ಹಾಕಿ ಬಿಟ್ಟದ್ದು ಬೇಗ ಹಾಳಾಗುತ್ತದೆ.

ಜನನ ಪ್ರಮಾಣಪತ್ರಕ್ಕೆ, ಮನೆ ಕಂದಾಯಕ್ಕೆ ಬರುವವರಲ್ಲಿ ವಯಸ್ಸಾದವರಿದ್ದಾರೆ, ಕೂಲಿ ಬಿಟ್ಟು ಬಂದವರಿದ್ದಾರೆ. ಬಸ್ಸೇ ಹೋಗದ ಕಡೆ ಎಷ್ಟು ಚೆಂದದ ಕಟ್ಟಡ ಕಟ್ಟಿದರೂ ಅವರಿಗೇನು ಉಪಯೋಗ? ಹಾಗಂತ ಲಿಫ್ಟ್‌ಗೆ ಜಾಗವಿಲ್ಲದ ಹಳೇ ಕಟ್ಟಡದಲ್ಲಿ ಗಾಲಿಕುರ್ಚಿಯವರನ್ನು ಮೆಟ್ಟಿಲ ಬುಡದಲ್ಲಿ ಕಾಯಿಸುವುದೂ ತಪ್ಪು ಅಲ್ವಾ. ಅಂಥಲ್ಲಿ ಜನರ ಕೌಂಟರ್‌ಗಳನ್ನೆಲ್ಲ ನೆಲಮಹಡಿಗೆ ತಂದು, ಭಾರದ ಕಡತಗಳನ್ನು ಮತ್ತು ಜನ ಹೋಗದ ವಿಭಾಗಗಳನ್ನು ಮಾತ್ರ ಹೊಸ ಜಾಗಕ್ಕೆ ಸಾಗಿಸಬಹುದು.

– ಒಬ್ಬ ಓದುಗ